ರವದಿ, ಯೂರಿಯಾ ಮತ್ತು ಕಂಪ್ಯೂಟರಿನ ಇಂಗಾಲ ಲೆಕ್ಕ

ಪ್ರಶ್ನೆ: ನಮ್ಮದು ಮುಧೋಳ ತಾಲೂಕು, ಘಟಪ್ರಭಾ ದಂಡೆಯ ಎರೆ ಭೂಮಿ. ಆರು ಎಕರೆ ಕಬ್ಬು. ಮೊದಲೆಲ್ಲ ಕಟಾವು ಆದ ಮೇಲೆ ರವದಿ (ಹೊಲದಲ್ಲಿ ಉಳಿಯುವ ಕಬ್ಬಿನ ಒಣ ಎಲೆ) ಸುಡುತ್ತಿದ್ದೆವು. ಕಳೆದ ವರ್ಷ ಸುಡದೆ, ಕತ್ತರಿಸಿ ಸಾಲಿಗೆ ಹಾಕಿ ಮಣ್ಣು ಮುಚ್ಚಿದೆವು. ಯೂರಿಯಾ ಎಂದಿನಷ್ಟೇ ಹಾಕಿದ್ದೆವು. ಕುಳೆ ಕಬ್ಬು (ಕಟಾವಾದ ಬುಡದಿಂದ ಮತ್ತೆ ಚಿಗುರಿದ್ದು) ಹಳದಿ ತಿರುಗಿ ನಿಂತುಬಿಟ್ಟಿತು. ಎರಡು ತಿಂಗಳ ಮೇಲೆ ತಾನಾಗಿ ಚೇತರಿಸಿಕೊಂಡಿತು. ಈಗ ಒಂದು ಕಂಪನಿಯ ಹುಡುಗರು ಬಂದಿದ್ದಾರೆ. 'ರವದಿ ಸುಡಬೇಡಿ, ಮಣ್ಣಲ್ಲಿ ಎಷ್ಟು ಇಂಗಾಲ ಸೇರಿತು ಅಂತ ನಮ್ಮ ಕಂಪ್ಯೂಟರ್ ಮಾಡೆಲ್ ಹೇಳುತ್ತೆ, ಅದಕ್ಕೆ ದುಡ್ಡು ಬರುತ್ತೆ' ಅನ್ನುತ್ತಿದ್ದಾರೆ. ನೆಲ ಅಗೆಯದೆ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ? ಈ ಲೆಕ್ಕ ನಂಬಬಹುದಾ? ವಿಜಯಪುರದ ಕಡೆ ಒಣಬೇಸಾಯ ಮಾಡುವ ನಮ್ಮ ಮಾವನವರಿಗೂ ಇದು ಆಗುತ್ತಾ?

ಉತ್ತರ: ಇವು ಎರಡು ಬೇರೆ ಬೇರೆ ವಿಷಯ ಎಂದು ನಿಮಗೆ ಅನಿಸಿರಬಹುದು. ಆದರೆ ಕುಳೆ ಹಳದಿಯಾದದ್ದರ ಹಿಂದೆ ಇರುವುದೂ ಸಾರಜನಕ, ಆ ಹುಡುಗರ ಲೆಕ್ಕ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದೂ ಬಹುಮಟ್ಟಿಗೆ ಸಾರಜನಕವೇ. ಹಾಗಾಗಿ ಹಳದಿ ಎಲೆಯಿಂದಲೇ ಶುರು ಮಾಡುತ್ತೇನೆ.

ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ಹಳದಿಯಾದದ್ದು ಯಾವ ಎಲೆ? ಕೆಳಗಿನ ಹಳೆ ಎಲೆ ಮೊದಲು ಹಳದಿಯಾಗಿ, ಆಮೇಲೆ ಇಡೀ ಗಿಡ ಪೇಲವವಾದರೆ ಅದು ಸಾರಜನಕದ ಕೊರತೆ. ಸುಳಿಯ ಹೊಸ ಎಲೆ ಬಿಳಿಚಿಕೊಂಡು, ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಸುಣ್ಣ ಜಾಸ್ತಿ ಇರುವ ನಮ್ಮ ಎರೆ ಭೂಮಿಯಲ್ಲಿ ಕುಳೆಗೆ ಇದೂ ಬರುತ್ತದೆ. ಅದಕ್ಕೆ ಫೆರಸ್ ಸಲ್ಫೇಟ್ ಸಿಂಪಡಿಸಬೇಕು. ಯೂರಿಯಾ ಎಷ್ಟು ಸುರಿದರೂ ಹೋಗುವುದಿಲ್ಲ. ನೀವು ಬರೆದದ್ದು ನೋಡಿದರೆ, ರವದಿ ಮುಚ್ಚಿದ ಮೇಲೆ ಶುರುವಾಗಿ ಎರಡು ತಿಂಗಳಲ್ಲಿ ತಾನೇ ಹೋಯಿತು ಎಂದರೆ, ಸಾರಜನಕದ ಕಡೆಗೇ ನನ್ನ ಅನುಮಾನ.

ಯಾಕೆ ಹೀಗಾಯಿತು? ಎಕರೆಗೆ 40 ಟನ್ ಕಬ್ಬು ಬಂದರೆ ಒಣ ರವದಿ ಸುಮಾರು 4 ಟನ್ ಬೀಳುತ್ತದೆ. ಅದರಲ್ಲಿ ಇಂಗಾಲ ಹತ್ತಿರ ಹತ್ತಿರ 1,800 ಕೆ.ಜಿ. ಸಾರಜನಕ ಮಾತ್ರ 16 ಕೆ.ಜಿ. ಆಸುಪಾಸು. ಅಂದರೆ ಒಂದು ಕೆ.ಜಿ. ಸಾರಜನಕಕ್ಕೆ ನೂರಕ್ಕೂ ಜಾಸ್ತಿ ಕೆ.ಜಿ. ಇಂಗಾಲ. ಇದನ್ನು ಕೊಳೆಸುವ ಸೂಕ್ಷ್ಮಜೀವಿಗಳ ದೇಹ ಹಾಗಿಲ್ಲ. ಅವುಗಳ ದೇಹದಲ್ಲಿ ಸುಮಾರು 8 ಕೆ.ಜಿ. ಇಂಗಾಲಕ್ಕೆ 1 ಕೆ.ಜಿ. ಸಾರಜನಕ ಇರಲೇಬೇಕು. ತಿಂದ ಇಂಗಾಲದಲ್ಲಿ ಬಹುಪಾಲನ್ನು ಅವು ಉಸಿರಾಗಿ ಗಾಳಿಗೆ ಬಿಡುತ್ತವೆ. ಸುಮಾರು ಮೂರನೇ ಒಂದು ಭಾಗವನ್ನು ಮಾತ್ರ ಮೈಗೆ ಸೇರಿಸಿಕೊಳ್ಳುತ್ತವೆ.

ಈಗ ಕೈಲೆಕ್ಕ ಹಾಕಿ. ಮೊದಲ ಕೆಲವು ತಿಂಗಳಲ್ಲಿ ಬೇಗ ಕರಗುವ ಭಾಗ, ಸುಮಾರು 1,000 ಕೆ.ಜಿ. ಇಂಗಾಲ, ಕೊಳೆಯಿತು ಎಂದಿಟ್ಟುಕೊಳ್ಳೋಣ. ಅದರಲ್ಲಿ 330 ಕೆ.ಜಿ. ಸೂಕ್ಷ್ಮಜೀವಿಗಳ ಮೈ ಸೇರಬೇಕು. ಅದಕ್ಕೆ 41 ಕೆ.ಜಿ. ಸಾರಜನಕ ಬೇಕು. ರವದಿ ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟರೂ 16 ಕೆ.ಜಿ. ಉಳಿದ 25 ಕೆ.ಜಿ. ಎಲ್ಲಿಂದ? ನೀವು ಕಬ್ಬಿಗೆ ಹಾಕಿದ ಯೂರಿಯಾದಿಂದ. ಮಣ್ಣಿನ ಕಣಕಣಕ್ಕೂ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳಿಗೆ ಅದು ಮೊದಲು ಸಿಗುತ್ತದೆ, ಬೇರಿಗೆ ಆಮೇಲೆ. 45 ಕೆ.ಜಿ. ಚೀಲದ ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್, ಅಂದರೆ ಚೀಲಕ್ಕೆ 20.7 ಕೆ.ಜಿ. ಒಟ್ಟಿನಲ್ಲಿ ಎಕರೆಗೆ ಒಂದೂಕಾಲು ಚೀಲ ಯೂರಿಯಾ ಕಬ್ಬಿನ ಬದಲು ರವದಿಗೆ ಹೋಯಿತು. ಆ ಜೀವಿಗಳು ಸತ್ತು ಕೊಳೆತಾಗ ಅದೇ ಸಾರಜನಕ ವಾಪಸ್ ಬರತೊಡಗುತ್ತದೆ. ನಿಮ್ಮ ಕಬ್ಬು ಎರಡು ತಿಂಗಳ ಮೇಲೆ ಚೇತರಿಸಿಕೊಂಡದ್ದು ಹೀಗೆ.

ಅಂದರೆ ಸುಡುವುದೇ ಮೇಲು ಅಂತಲ್ಲ. ಸುಟ್ಟರೆ ಆ 1,800 ಕೆ.ಜಿ. ಇಂಗಾಲ ಬಹುಪಾಲು ಅರ್ಧ ಗಂಟೆಯಲ್ಲಿ ಗಾಳಿಗೆ. ಜೊತೆಗೆ 16 ಕೆ.ಜಿ. ಸಾರಜನಕದಲ್ಲೂ ಬಹುಪಾಲು ಹೋಗುತ್ತದೆ. ಅದು 35 ಕೆ.ಜಿ. ಯೂರಿಯಾಕ್ಕೆ ಸಮ. ಬೂದಿಯಲ್ಲಿ ಉಳಿಯುವುದು ಮುಖ್ಯವಾಗಿ ಪೊಟ್ಯಾಶ್, ಸ್ವಲ್ಪ ರಂಜಕ. ಸುಡದೆ ಇಟ್ಟಾಗ ಮಾಡಬೇಕಾದದ್ದು ಇಷ್ಟೇ. ಮೊದಲ ನೀರಿನ ಹೊತ್ತಿಗೆ ಎಕರೆಗೆ ಒಂದು ಚೀಲ ಯೂರಿಯಾ ಹೆಚ್ಚಿಗೆ ಕೊಡಿ. ಆಮೇಲಿನ ಕಂತಿನಲ್ಲಿ ಅಷ್ಟು ಕಡಿಮೆ ಮಾಡಿ. ಅದನ್ನು ರವದಿಯ ಮೇಲೆ ಎರಚಬೇಡಿ, ದಯವಿಟ್ಟು. ಯೂರಿಯಾವನ್ನು ಅಮೋನಿಯಾ ಮಾಡುವ ಕಿಣ್ವ ಒಣ ಎಲೆಯಲ್ಲೂ ಇರುತ್ತದೆ. ನಮ್ಮ ಮಣ್ಣಿನ ಪಿ.ಎಚ್. 8ರ ಮೇಲೆ, ಅಂದರೆ ಕ್ಷಾರದ ಮಣ್ಣು. ಎರಡೂ ಸೇರಿದರೆ ನೀವು ಕೊಟ್ಟ ದುಡ್ಡು ವಾಸನೆಯಾಗಿ ಹಾರಿಹೋಗುತ್ತದೆ. ಮಣ್ಣಿನೊಳಗೆ ಇಡಿ, ಇಲ್ಲವೇ ಡ್ರಿಪ್ ಇದ್ದರೆ ಅದರಲ್ಲಿ ಬಿಡಿ.

ಇನ್ನು ಕಂಪ್ಯೂಟರಿನ ವಿಷಯ. ನೆಲ ಅಗೆಯದೆ ಅದಕ್ಕೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ಅದಕ್ಕೆ ಗೊತ್ತಾಗುವುದಿಲ್ಲ. ಅದು ಲೆಕ್ಕ ಹಾಕುತ್ತದೆ, ಅಷ್ಟೇ. ಮಣ್ಣಿನ ಮಾಡೆಲ್ ಅಂದರೆ ಅಡತಿ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ. ಇಷ್ಟು ಬಂತು, ಇಷ್ಟು ಹೋಯಿತು, ಇಷ್ಟು ಬಾಕಿ. ಬರೆದ ಆವಕ ತಪ್ಪಾದರೆ ಬಾಕಿಯೂ ತಪ್ಪು.

ಇಂಥ ಮಾಡೆಲ್‌ಗಳಲ್ಲಿ ತುಂಬಾ ಬಳಕೆಯಲ್ಲಿರುವುದು ರಾಥ್-ಸಿ. ಇದು ಹುಟ್ಟಿದ್ದು ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರಾಥಮ್‌ಸ್ಟೆಡ್‌ನಲ್ಲಿ. ಅಲ್ಲಿ ಲಾಸ್ ಎಂಬ ಜಮೀನುದಾರ ಮತ್ತು ಗಿಲ್ಬರ್ಟ್ ಎಂಬ ರಸಾಯನ ವಿಜ್ಞಾನಿ 1843ರಲ್ಲಿ ಶುರು ಮಾಡಿದ ಗೋಧಿ ಪ್ರಯೋಗ ಇಂದಿಗೂ ಅದೇ ಹೊಲದಲ್ಲಿ ನಡೆಯುತ್ತಿದೆ. ಹಳೆಯ ಮಣ್ಣನ್ನು ಬಾಟಲಿಗಳಲ್ಲಿ ತುಂಬಿ ಇಟ್ಟಿದ್ದಾರೆ. ನೂರಕ್ಕೂ ಹೆಚ್ಚು ವರ್ಷದ ಲೆಕ್ಕ ತಾಳೆ ನೋಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅಲ್ಲಿನ ವಿಜ್ಞಾನಿಗಳಾದ ಜೆಂಕಿನ್ಸನ್ ಮತ್ತು ರೇನರ್ 1977ರಲ್ಲಿ ಆ ಅಂಕಿಅಂಶಗಳ ಮೇಲೆಯೇ ಮಾಡೆಲ್ ಕಟ್ಟಿದರು.

ಅದು ಮಣ್ಣಿನ ಇಂಗಾಲವನ್ನು ಐದು ಖಾನೆಗೆ ಹಾಕುತ್ತದೆ. ಬೇಗ ಕೊಳೆಯುವ ಸಸ್ಯಭಾಗ, ನಿಧಾನ ಕೊಳೆಯುವ ಸಸ್ಯಭಾಗ, ಸೂಕ್ಷ್ಮಜೀವಿಗಳ ದೇಹ, ಹ್ಯೂಮಸ್ (ಕೊಳೆತು ಮಣ್ಣಿಗೆ ಅಂಟಿಕೊಂಡ ಭಾಗ), ಮತ್ತೆ ಅಲುಗಾಡದ ಹಳೆ ಇಂಗಾಲ. ರಾಥಮ್‌ಸ್ಟೆಡ್‌ನ ತಂಪಿನಲ್ಲಿ, ಹಸಿ ಇರುವ ಬರಿ ನೆಲದಲ್ಲಿ, ಮೊದಲ ಖಾನೆ 25 ದಿನದಲ್ಲಿ ಅರ್ಧವಾಗುತ್ತದೆ. ಎರಡನೆಯದು ಎರಡು ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಸೂಕ್ಷ್ಮಜೀವಿಗಳದ್ದು ಒಂದು ವರ್ಷ. ಹ್ಯೂಮಸ್ 35 ವರ್ಷ. ಐದನೆಯದು ಲೆಕ್ಕದಲ್ಲಿ ಕದಲುವುದೇ ಇಲ್ಲ. ತಿಂಗಳು ತಿಂಗಳಿಗೆ ಉಷ್ಣಾಂಶ, ಮಳೆ, ಆವಿಯಾಗುವ ನೀರು, ಹೊಲದಲ್ಲಿ ಬೆಳೆ ಇದೆಯೋ ಇಲ್ಲವೋ, ಎಷ್ಟು ಕಸಕಡ್ಡಿ ಮತ್ತು ತಿಪ್ಪೆ ಗೊಬ್ಬರ ಬಂತು ಎನ್ನುವುದನ್ನು ಕೊಡಬೇಕು. ಮಣ್ಣಿನಲ್ಲಿ ಜೇಡಿ ಎಷ್ಟು ಎನ್ನುವುದನ್ನು ಒಮ್ಮೆ ಕೊಟ್ಟರೆ ಸಾಕು.

ಈ ವೇಗಗಳು ನಮ್ಮಲ್ಲಿ ಹಾಗೇ ಇರುವುದಿಲ್ಲ. ರಾಥಮ್‌ಸ್ಟೆಡ್‌ನ ಸರಾಸರಿ ಉಷ್ಣಾಂಶ 9 ಡಿಗ್ರಿಯ ಆಸುಪಾಸು. ಮುಧೋಳದಲ್ಲಿ 27 ಎಂದು ಹಿಡಿಯಿರಿ. ಮಾಡೆಲ್‌ನ ಸೂತ್ರದಲ್ಲಿ ಹಾಕಿದರೆ ಕೊಳೆಯುವ ವೇಗ 4.2 ಪಟ್ಟು ಆಗುತ್ತದೆ. ನೆಲದ ಮೇಲೆ ಬೆಳೆ ಇದ್ದರೆ ಅದನ್ನು 0.6ರಿಂದ ಗುಣಿಸುತ್ತಾರೆ. ನೀರಾವರಿ ಇದ್ದರೆ ತೇವದ ಕಡೆಯಿಂದ ತಡೆ ಇಲ್ಲ. ಕೊನೆಗೆ ಎರಡೂವರೆ ಪಟ್ಟು ಉಳಿಯುತ್ತದೆ. ಅಲ್ಲಿ 35 ವರ್ಷಕ್ಕೆ ಅರ್ಧವಾಗುವ ಹ್ಯೂಮಸ್ ನಿಮ್ಮ ಕಬ್ಬಿನ ಹೊಲದಲ್ಲಿ 14 ವರ್ಷಕ್ಕೇ ಅರ್ಧ. ನಮ್ಮ ಕಡೆ ಎಷ್ಟು ಗೊಬ್ಬರ ಹಾಕಿದರೂ 'ಮಣ್ಣು ತಿಂದುಬಿಡುತ್ತೆ' ಎಂದು ಹಿರಿಯರು ಹೇಳುವುದು ಸುಮ್ನೆ ಅಲ್ಲ.

ನಮ್ಮ ಎರೆ ಮಣ್ಣಿಗೆ ಒಂದು ಅನುಕೂಲ ಇದೆ. ಜೇಡಿ ಜಾಸ್ತಿ ಇದ್ದಷ್ಟೂ ಕೊಳೆತದ್ದರಲ್ಲಿ ಹೆಚ್ಚು ಪಾಲು ಮಣ್ಣಿಗೆ ಅಂಟಿಕೊಳ್ಳುತ್ತದೆ. ಜೇಡಿ 10 ಪರ್ಸೆಂಟ್ ಇರುವ ಮರಳು ಮಿಶ್ರಿತ ನೆಲದಲ್ಲಿ 100 ಕೆ.ಜಿ. ಇಂಗಾಲ ಕೊಳೆತರೆ ಸೂಕ್ಷ್ಮಜೀವಿ ಮತ್ತು ಹ್ಯೂಮಸ್ ಸೇರಿ 19 ಕೆ.ಜಿ. ಉಳಿಯುತ್ತದೆ. 55 ಪರ್ಸೆಂಟ್ ಜೇಡಿಯಲ್ಲಿ 24 ಕೆ.ಜಿ. ಕಡಿಮೆ ಅನಿಸುತ್ತೆ ಅಲ್ವಾ? ಆದರೆ ವರ್ಷ ವರ್ಷ ಕೂಡುತ್ತಾ ಹೋದರೆ ಅದೇ ದೊಡ್ಡದು.

ಈ ಎಲ್ಲವನ್ನೂ ಹಾಕಿ ನಿಮ್ಮ ಒಂದು ಎಕರೆಗೆ ಕೈಲೆಕ್ಕ ಮಾಡಿ ನೋಡಿದೆ. ಒಂದು ವರ್ಷದ ರವದಿಯ 1,800 ಕೆ.ಜಿ. ಇಂಗಾಲದಲ್ಲಿ ವರ್ಷದ ಕೊನೆಗೆ ಮೂರನೇ ಒಂದು ಭಾಗ ಉಳಿಯುತ್ತದೆ. ಮೂರು ವರ್ಷಕ್ಕೆ ಐದನೇ ಒಂದು ಭಾಗಕ್ಕೆ ಹತ್ತಿರ. ಹತ್ತು ವರ್ಷದ ಮೇಲೆ ಹತ್ತನೇ ಒಂದು ಭಾಗ. ಪ್ರತಿ ವರ್ಷವೂ ಇಷ್ಟೇ ರವದಿ ಮಣ್ಣಿಗೆ ಸೇರಿಸುತ್ತಾ ಹೋದರೆ ಹತ್ತು ವರ್ಷಕ್ಕೆ ಎಕರೆಗೆ ಸುಮಾರು 2.9 ಟನ್ ಇಂಗಾಲ ಕೂಡುತ್ತದೆ. ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಬೇಕು. ಹತ್ತೂವರೆ ಟನ್ ಆಯಿತು. ಅಂದರೆ ವರ್ಷಕ್ಕೆ ಎಕರೆಗೆ ಒಂದು ಟನ್. ಆ ಹುಡುಗರು ಹೇಳುವ ದುಡ್ಡು ಬರುವುದು ಕಾರ್ಬನ್ ಕ್ರೆಡಿಟ್ ಮಾರಿ, ಒಂದು ಟನ್ನಿಗೆ ಒಂದು ಕ್ರೆಡಿಟ್. ಇದೂ ಉದಾರ ಲೆಕ್ಕವೇ. ರವದಿ ಪೂರ್ತಿ ಮಣ್ಣಿಗೆ ಸೇರಿತು, ನಡುವೆ ಒಂದು ವರ್ಷವೂ ತಪ್ಪಲಿಲ್ಲ, ದನಕ್ಕೆ ಒಯ್ಯಲಿಲ್ಲ, ಬೆಂಕಿ ಬೀಳಲಿಲ್ಲ ಎಂದು ಹಿಡಿದದ್ದು. ಎಕರೆಗೆ ಎರಡು ಮೂರು ಕ್ರೆಡಿಟ್ ಎಂದು ಯಾರಾದರೂ ರವದಿಯೊಂದರಿಂದಲೇ ತೋರಿಸಿದರೆ, ಲೆಕ್ಕದ ಹಾಳೆ ಕೇಳಿ.

ಹಾಗಾದರೆ ಮಣ್ಣನ್ನೇ ಅಳೆಯಬಹುದಲ್ಲ, ಮಾಡೆಲ್ ಯಾಕೆ? ಯಾಕೆಂದರೆ ಒಂದು ವರ್ಷದ ಏರಿಕೆ ಅಳತೆಗೆ ಸಿಗುವುದಿಲ್ಲ. 30 ಸೆಂ.ಮೀ. ಆಳದವರೆಗೆ ಒಂದು ಎಕರೆಯ ಮಣ್ಣು ಸುಮಾರು 1,580 ಟನ್ ತೂಗುತ್ತದೆ. ಸಾವಯವ ಇಂಗಾಲ 0.5 ಪರ್ಸೆಂಟ್ ಇದ್ದರೆ 7.9 ಟನ್. ವರ್ಷಕ್ಕೆ 0.29 ಟನ್ ಸೇರಿದರೆ ನಿಮ್ಮ ಮಣ್ಣು ಆರೋಗ್ಯ ಕಾರ್ಡಿನಲ್ಲಿ 0.50 ಇದ್ದದ್ದು 0.52 ಆಗಬೇಕು. ಒಂದೇ ಹೊಲದ ಎರಡು ಮೂಲೆಯಲ್ಲಿ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. ಹಾಗಾಗಿ ನಡುವಿನ ವರ್ಷಗಳಿಗೆ ಮಾಡೆಲ್, ಕೆಲವು ವರ್ಷಕ್ಕೊಮ್ಮೆ ಅಳತೆ. ಎರಡೂ ಬೇಕು. ಕಾರ್ಬನ್ ಕ್ರೆಡಿಟ್‌ಗಳನ್ನು ನೋಂದಾಯಿಸುವ ವೆರಾ ಎಂಬ ಸಂಸ್ಥೆಯ ವಿ.ಎಂ. 0042 ಎಂಬ ವಿಧಾನವೂ ಹೊಲದ ಮಣ್ಣನ್ನು ಐದು ವರ್ಷಕ್ಕೊಮ್ಮೆಯಾದರೂ ಮತ್ತೆ ಅಳೆಯಬೇಕು ಅನ್ನುತ್ತದೆ. ನೆಲ ಅಗೆಯುವ ಮಾತೇ ಇಲ್ಲ ಎಂದು ಆ ಹುಡುಗರು ಹೇಳಿದ್ದರೆ ಅದು ಒಳ್ಳೆ ಲಕ್ಷಣ ಅಲ್ಲ.

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಮೇಲಿನ ಕೈಲೆಕ್ಕದಲ್ಲಿ ಸಾರಜನಕ ಎಲ್ಲಾದರೂ ಬಂತಾ? ಬರಲಿಲ್ಲ. ಯಾಕೆಂದರೆ ರಾಥ್-ಸಿಯಲ್ಲಿ ಸಾರಜನಕದ ಖಾನೆಯೇ ಇಲ್ಲ. ನಿಮ್ಮ ಕಬ್ಬು ಎರಡು ತಿಂಗಳು ಹಳದಿಯಾಗಿ ನಿಂತದ್ದು ಅದಕ್ಕೆ ತಿಳಿಯುವುದಿಲ್ಲ. ಇಷ್ಟು ರವದಿ ಬಂತು ಎಂದು ನೀವು ಬರೆದರೆ ಬಂತು ಅಂದುಕೊಳ್ಳುತ್ತದೆ. ಹೊಲದಲ್ಲಿ ಹಾಗೆ ನಡೆಯುವುದಿಲ್ಲ. ಸಾರಜನಕ ಸಾಲದಿದ್ದರೆ ಕಬ್ಬು ಕಡಿಮೆ, ಕಬ್ಬು ಕಡಿಮೆಯಾದರೆ ಮುಂದಿನ ವರ್ಷದ ರವದಿ ಕಡಿಮೆ, ಬೇರು ಕಡಿಮೆ, ಮಣ್ಣಿಗೆ ಬರುವ ಇಂಗಾಲವೂ ಕಡಿಮೆ.

ಹ್ಯೂಮಸ್ ಕಟ್ಟಲು ಕೂಡ ಸಾರಜನಕ ಬೇಕು. ಹ್ಯೂಮಸ್‌ನಲ್ಲಿ 10ರಿಂದ 12 ಕೆ.ಜಿ. ಇಂಗಾಲಕ್ಕೆ 1 ಕೆ.ಜಿ. ಸಾರಜನಕ ಇರುತ್ತದೆ. ಹತ್ತು ವರ್ಷದಲ್ಲಿ ಕೂಡುವ ಆ 2.9 ಟನ್‌ನಲ್ಲಿ ಅರೆಕೊಳೆತ ಕಡ್ಡಿ ಬಿಟ್ಟು ಹ್ಯೂಮಸ್, ಸೂಕ್ಷ್ಮಜೀವಿ ಅಂತ 2.2 ಟನ್ ಹಿಡಿದರೂ ಅದರೊಳಗೆ ಸುಮಾರು 200 ಕೆ.ಜಿ. ಸಾರಜನಕ ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೆ 20 ಕೆ.ಜಿ. ರವದಿಯೇ ವರ್ಷಕ್ಕೆ 16 ಕೆ.ಜಿ. ತರುತ್ತದೆ. ಹತ್ತು ವರ್ಷದ ಲೆಕ್ಕದಲ್ಲಿ ನೋಡಿದರೆ ಕೊರತೆ ತೀರಾ ದೊಡ್ಡದಲ್ಲ. ಮೊದಲ ಮೂರು ತಿಂಗಳ ಲೆಕ್ಕದಲ್ಲಿ ನೋಡಿದರೆ 25 ಕೆ.ಜಿ. ಕೊರತೆ. ರೈತನಿಗೆ ತೊಂದರೆ ಬರುವುದು ಆ ಮೂರು ತಿಂಗಳಲ್ಲಿ. ವರ್ಷದ ಸರಾಸರಿ ಹಾಕುವ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಸಾರಜನಕವನ್ನು ಜೊತೆಗೆ ಇಟ್ಟುಕೊಂಡು ಹೋಗುವ ಮಾಡೆಲ್‌ಗಳೂ ಇವೆ. ಅಮೆರಿಕದ ಕೊಲರಾಡೋದಲ್ಲಿ ಪಾರ್ಟನ್ ಮತ್ತವರ ಜೊತೆಗಾರರು 1987ರಲ್ಲಿ ಹೊರತಂದ ಸೆಂಚುರಿ ಅಂಥದ್ದು. ಹುಲ್ಲುಗಾವಲಿಗಾಗಿ ಮಾಡಿದ್ದು. ಅದರಲ್ಲಿ ಪ್ರತಿ ಖಾನೆಗೂ ಇಂಗಾಲಕ್ಕೆ ಇಷ್ಟು ಸಾರಜನಕ ಎಂಬ ಮಿತಿ ಇದೆ. ಸಾರಜನಕ ಸಿಗದಿದ್ದರೆ ಕೊಳೆಯುವುದೂ ನಿಲ್ಲುತ್ತದೆ, ಬೆಳೆಯೂ ಕುಗ್ಗುತ್ತದೆ. ಅದನ್ನೇ ದಿನದ ಲೆಕ್ಕಕ್ಕೆ ತಂದದ್ದು ಡೇಸೆಂಟ್. 1992ರಲ್ಲಿ ಬಂದ ಡಿಎನ್‌ಡಿಸಿ ಎಂಬ ಇನ್ನೊಂದು ಮಾಡೆಲ್ ಸಾರಜನಕ ಯಾವಾಗ, ಯಾವ ರೂಪದಲ್ಲಿ ಗಾಳಿಗೆ ಹೋಗುತ್ತದೆ ಎನ್ನುವುದನ್ನು ಹಿಂಬಾಲಿಸಲೆಂದೇ ಹುಟ್ಟಿದ್ದು.

ಸಾರಜನಕ ಮರೆತದ್ದು ಹೊಲದ ಮಾಡೆಲ್ ಮಾತ್ರ ಅಲ್ಲ. ಇಡೀ ಭೂಮಿಯ ಹವಾಮಾನ ಲೆಕ್ಕ ಹಾಕುವ ದೊಡ್ಡ ದೊಡ್ಡ ಮಾಡೆಲ್‌ಗಳೂ ಬಹಳ ಕಾಲ ಹೀಗೇ ಇದ್ದವು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಗಿಡಮರ ಜಾಸ್ತಿ ಬೆಳೆದು ಅದನ್ನು ಹೀರಿಕೊಳ್ಳುತ್ತವೆ ಎಂದು ಅವು ಹೇಳುತ್ತಿದ್ದವು. 2003ರಲ್ಲಿ ಹಂಗೇಟ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಸರಳ ಪ್ರಶ್ನೆ ಕೇಳಿದರು. ಅಷ್ಟು ಮರ, ಅಷ್ಟು ಮಣ್ಣು ಕಟ್ಟಲು ಸಾರಜನಕ ಎಲ್ಲಿಂದ ಬರುತ್ತದೆ? ಕೂಡಿಸಿ ನೋಡಿದಾಗ ಮಾಡೆಲ್‌ಗಳು ತೋರಿಸುತ್ತಿದ್ದ ಹೆಚ್ಚಿನ ಅಂದಾಜುಗಳಿಗೆ ಬೇಕಾದಷ್ಟು ಸಾರಜನಕ ಸಿಗುವಂತಿರಲಿಲ್ಲ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಸ್ವೀಟ್‌ಗಮ್ ಮರಗಳ ತೋಪಿಗೆ ವರ್ಷಗಟ್ಟಲೆ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಬಿಟ್ಟು ನೋಡಿದರು. 2001ರಿಂದ 2003ರವರೆಗೆ ಬೆಳವಣಿಗೆ 24 ಪರ್ಸೆಂಟ್ ಜಾಸ್ತಿ ಇತ್ತು. 2008ರ ಹೊತ್ತಿಗೆ ಅದು 9ಕ್ಕೆ ಇಳಿದಿತ್ತು. ಮಣ್ಣಿನಲ್ಲಿ ಸಿಗುವ ಸಾರಜನಕ ಕಡಿಮೆಯಾಗಿತ್ತು. ಅದು ಕಾಡು, ಯಾರೂ ಬಂದು ಯೂರಿಯಾ ಹಾಕುವುದಿಲ್ಲ. ಇಷ್ಟಾದರೂ 2013ರ ಐ.ಪಿ.ಸಿ.ಸಿ. (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ) ವರದಿಗೆ ಬಳಸಿದ ಭೂಮಿ ಮಾಡೆಲ್‌ಗಳಲ್ಲಿ ಸಾರಜನಕ ಇದ್ದದ್ದು ಎರಡರಲ್ಲಿ. ಆ ಎರಡರಲ್ಲೂ ನೆಲದ ಭಾಗ ಒಂದೇ, ಹಂಚಿಕೊಂಡದ್ದು. 2021ರ ವರದಿಯ ಹೊತ್ತಿಗೆ ಇಂಗಾಲ ಚಕ್ರದ ಹೋಲಿಕೆಗೆ ತೆಗೆದುಕೊಂಡ 11ರಲ್ಲಿ 6ಕ್ಕೆ ಸಾರಜನಕ ಸೇರಿತ್ತು. ದೊಡ್ಡ ವಿಜ್ಞಾನಿಗಳಿಗೇ ಇಷ್ಟು ಹೊತ್ತು ಹಿಡಿದಿದೆ ಎಂದ ಮೇಲೆ ನಿಮ್ಮ ಊರಿಗೆ ಬಂದ ಹುಡುಗರನ್ನು ನಾನು ಬೈಯುವುದಿಲ್ಲ. ಆದರೆ ಕೇಳುವುದನ್ನು ನೀವು ಕೇಳಬೇಕು.

ಮೊದಲು ಕೇಳಬೇಕಾದದ್ದು: ನೈಟ್ರಸ್ ಆಕ್ಸೈಡ್ ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ? ಯೂರಿಯಾದ ಸಾರಜನಕದಲ್ಲಿ ಒಂದು ಸಣ್ಣ ಪಾಲು ಈ ಅನಿಲವಾಗಿ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದರ ಒಂದು ಕೆ.ಜಿ., ಇಂಗಾಲದ ಡೈಆಕ್ಸೈಡ್‌ನ 273 ಕೆ.ಜಿ.ಯಷ್ಟು ಬಿಸಿ ಮಾಡುತ್ತದೆ. ಹಾಕಿದ ಸಾರಜನಕದಲ್ಲಿ 1 ಪರ್ಸೆಂಟ್ ಹೀಗೆ ಹೋಗುತ್ತದೆ ಎನ್ನುವುದು ಐ.ಪಿ.ಸಿ.ಸಿ.ಯ ಸಾಮಾನ್ಯ ಅಂದಾಜು. ನೀವು ಕಬ್ಬಿಗೆ ಎಕರೆಗೆ 100 ಕೆ.ಜಿ. ಸಾರಜನಕ, ಅಂದರೆ ಹತ್ತಿರ ಹತ್ತಿರ ಐದು ಚೀಲ ಯೂರಿಯಾ, ಕೊಟ್ಟಿರಿ ಅಂದುಕೊಳ್ಳೋಣ. 1 ಪರ್ಸೆಂಟ್ ಎಂದರೆ 1 ಕೆ.ಜಿ. ಅದು ನೈಟ್ರಸ್ ಆಕ್ಸೈಡ್ ಆಗಿ 1.57 ಕೆ.ಜಿ. 273ರಿಂದ ಗುಣಿಸಿ: 429 ಕೆ.ಜಿ. ರವದಿಯಿಂದ ಗಳಿಸಿದ ಒಂದು ಟನ್ ಎದುರು ಇದನ್ನು ಇಟ್ಟು ನೋಡಿ. ರವದಿ ಸುಟ್ಟರೂ ಈ ಯೂರಿಯಾ ಹಾಕುತ್ತಿದ್ದಿರಿ, ಹಾಗಾಗಿ ಎಲ್ಲವನ್ನೂ ಕಳೆಯಬೇಕಿಲ್ಲ. ಆದರೆ ರವದಿಗಾಗಿ ಹೆಚ್ಚಿಗೆ ಹಾಕಿದ ಒಂದು ಚೀಲದ್ದು, ಸುಮಾರು 89 ಕೆ.ಜಿ., ಕಳೆಯಲೇಬೇಕು.

ಮತ್ತೆ ಆ 1 ಪರ್ಸೆಂಟ್ ನಮ್ಮ ಭಾಗದ ನೀರುಂಡ ಕಬ್ಬಿನ ಹೊಲಕ್ಕೆ ಯಾವಾಗಲೂ ಹೊಂದುವುದಿಲ್ಲ. ಮಣ್ಣಿನ ರಂಧ್ರಗಳಲ್ಲಿ ನೀರು 60 ಪರ್ಸೆಂಟ್ ದಾಟಿದರೆ ಗಾಳಿ ಆಡುವುದಿಲ್ಲ. ಆಗ ಕೆಲವು ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು, ಯೂರಿಯಾದಿಂದ ಮಣ್ಣಲ್ಲಿ ಆಗುವ ನೈಟ್ರೇಟನ್ನೇ ಉಸಿರಾಡಿ ನೈಟ್ರಸ್ ಆಕ್ಸೈಡ್ ಬಿಡುತ್ತವೆ. ಅದಕ್ಕೆ ಮೂರು ಬೇಕು: ನೀರು, ನೈಟ್ರೇಟ್, ತಿನ್ನಲು ತಾಜಾ ಇಂಗಾಲ. ರವದಿ ಮುಚ್ಚಿ, ಯೂರಿಯಾ ಕೊಟ್ಟು, ಹೊಲ ತುಂಬಾ ನೀರು ಹಾಯಿಸಿದರೆ ಮೂರನ್ನೂ ಒಂದೇ ದಿನ ಕೊಟ್ಟಂತೆ. ಕೃಷ್ಣಾ, ಘಟಪ್ರಭಾ ದಂಡೆಯ ಸವಳು-ಜವಳು ಹಿಡಿದ (ಉಪ್ಪೇರಿ ನೀರು ನಿಂತ) ನೆಲದಲ್ಲಿ ಇದು ಇನ್ನೂ ಜಾಸ್ತಿ. 3 ಪರ್ಸೆಂಟ್ ಹೋದರೆ ಏನಾಗುತ್ತೆ? 100 ಕೆ.ಜಿ. ಸಾರಜನಕದ ಲೆಕ್ಕ 1,287 ಕೆ.ಜಿ.ಗೆ ಏರುತ್ತದೆ. ರವದಿಯ ಇಡೀ ಟನ್ ಅಲ್ಲೇ ಮುಳುಗಿತು. ಇಂಗಾಲದ ಲೆಕ್ಕ ಹಸಿರು, ಸಾರಜನಕದ್ದು ಕೆಂಪು. ಒಂದೇ ಪುಟ ತೋರಿಸುವವರು ಹಸಿರು ಪುಟವನ್ನೇ ತೋರಿಸುತ್ತಾರೆ.

ನಮ್ಮ ಮಣ್ಣಿನ ಕೆಲವು ವಿಚಿತ್ರಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತದೆ. ಅದರಲ್ಲೂ ಇಂಗಾಲ ಇದೆ, ಆದರೆ ಅದು ರವದಿಯದ್ದಲ್ಲ. ಮಣ್ಣನ್ನು ಸುಟ್ಟು ಒಟ್ಟು ಇಂಗಾಲ ಅಳೆಯುವ ಯಂತ್ರಕ್ಕೆ ಹಾಕುವ ಮೊದಲು ಆಮ್ಲದಿಂದ ಸುಣ್ಣ ತೆಗೆಯದಿದ್ದರೆ ಇಲ್ಲದ ಇಂಗಾಲ ಕಾಣಿಸುತ್ತದೆ. ನಮ್ಮ ಪ್ರಯೋಗಾಲಯಗಳಲ್ಲಿ ಮಾಡುವ ವಾಕ್ಲೆ-ಬ್ಲ್ಯಾಕ್ ಪರೀಕ್ಷೆಗೆ ಈ ತೊಂದರೆ ಇಲ್ಲ. ಅದಕ್ಕೆ ಬೇರೆ ತೊಂದರೆ ಇದೆ, ಎಲ್ಲ ಸಾವಯವ ಇಂಗಾಲ ಅದರ ಕೈಗೆ ಸಿಗುವುದಿಲ್ಲ, ಹಾಗಾಗಿ 1.3ರಿಂದ ಗುಣಿಸುತ್ತಾರೆ. ಐದು ವರ್ಷದ ಹಿಂದೆ ಒಂದು ವಿಧಾನ, ಇಂದು ಇನ್ನೊಂದು ವಿಧಾನ ಆದರೆ ಹೋಲಿಕೆಯೇ ಹಾಳು. ಇನ್ನು ಎರೆ ಮಣ್ಣು ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಸಿಯಲ್ಲಿ ತೆಗೆದ 30 ಸೆಂ.ಮೀ. ಮತ್ತು ಒಣದಲ್ಲಿ ತೆಗೆದ 30 ಸೆಂ.ಮೀ. ಒಂದೇ ತೂಕದ ಮಣ್ಣಲ್ಲ. ಬಿರುಕಿನಲ್ಲಿ ಮೇಲಿನ ಮಣ್ಣು, ಕಸ ಕೆಳಗೆ ಬೀಳುತ್ತದೆ. ರಾಥ್-ಸಿ ಇಂಗ್ಲಿಷ್ ನೇಗಿಲಿನ ಆಳ, 23 ಸೆಂ.ಮೀ.ಗೆ ಮಾಡಿದ್ದು. ಅದಕ್ಕೆ ಬಿರುಕು ಗೊತ್ತಿಲ್ಲ.

ನಿಮ್ಮ ಮಾವನವರ ಹೊಲದ ಕಥೆ ಪೂರ್ತಿ ಬೇರೆ. ವಿಜಯಪುರದಲ್ಲಿ ವರ್ಷಕ್ಕೆ ಮಳೆ 600 ಮಿ.ಮೀ. ಆಸುಪಾಸು. ಹಿಂಗಾರಿ ಜೋಳ, ಕಡಲೆ. ಏಪ್ರಿಲ್-ಮೇ ತಿಂಗಳ 32 ಡಿಗ್ರಿಯಲ್ಲಿ ಉಷ್ಣಾಂಶ ಒಂದೇ ನೋಡಿದರೆ ಕೊಳೆಯುವ ವೇಗ ರಾಥಮ್‌ಸ್ಟೆಡ್‌ಗಿಂತ 5 ಪಟ್ಟು. ಆದರೆ ಮಣ್ಣು ಒಣಗಿದೆ, ಅದಕ್ಕೆ ಮಾಡೆಲ್ 0.2ರಿಂದ ಗುಣಿಸುತ್ತದೆ. ಐದನ್ನು 0.2ರಿಂದ ಗುಣಿಸಿದರೆ ಒಂದು. ಅಂದರೆ ವಿಜಯಪುರದ ಉರಿ ಬೇಸಿಗೆಯಲ್ಲಿ ಮಣ್ಣಿನ ಇಂಗಾಲ ಇಂಗ್ಲೆಂಡಿನ 9 ಡಿಗ್ರಿ ಚಳಿಯಲ್ಲಿ ಕರಗುವಷ್ಟೇ ನಿಧಾನ ಕರಗುತ್ತದೆ. ನನಗೆ ಈ ಲೆಕ್ಕ ಯಾವಾಗಲೂ ಖುಷಿ ಕೊಡುತ್ತದೆ. ಖರ್ಚು ಕಡಿಮೆ, ಸರಿ. ಆದರೆ ಆವಕವೂ ಕಡಿಮೆ. ಜೋಳದ ಕಣಿಕೆ ದನಕ್ಕೆ ಹೋಗುತ್ತದೆ, ಹೊಲಕ್ಕೆ ಉಳಿಯುವುದು ಬೇರು ಮತ್ತು ಕೂಳೆ. ಕಣಿಕೆ ಹೊಲದಲ್ಲೇ ಬಿಡಿ ಎಂದು ಯಾರಾದರೂ ಹೇಳಿದರೆ ಅವರಿಗೆ ಡೋಣಿ ನದಿ ಸಾಲಿನ ಬೇಸಾಯ ಗೊತ್ತಿಲ್ಲ. ಅಲ್ಲಿ ಕಣಿಕೆಗೆ ಕಾಳಿನಷ್ಟೇ ಬೆಲೆ.

ಒಣ ಭೂಮಿಯಲ್ಲಿ ಇಂಗಾಲ ಹೆಚ್ಚಿಸಲು ದಾರಿ ತಿಪ್ಪೆ ಗೊಬ್ಬರ, ಮತ್ತೆ ಕಡಲೆ, ತೊಗರಿ. ರಾಥ್-ಸಿ ತಿಪ್ಪೆ ಗೊಬ್ಬರವನ್ನು ಆಗಲೇ ಸ್ವಲ್ಪ ಹ್ಯೂಮಸ್ ಆದದ್ದು ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ 20 ಕೆ.ಜಿ. ಇಂಗಾಲಕ್ಕೆ 1 ಕೆ.ಜಿ. ಸಾರಜನಕ ಇರುತ್ತದೆ, ರವದಿಯ ಹಾಗೆ ಬೆಳೆಯಿಂದ ಕಸಿದುಕೊಳ್ಳುವುದಿಲ್ಲ. ಅದರ ಪ್ರಭಾವ ಎಷ್ಟು ಕಾಲ ಉಳಿಯುತ್ತದೆ ಎನ್ನುವುದಕ್ಕೆ ರಾಥಮ್‌ಸ್ಟೆಡ್‌ನ ಬಾರ್ಲಿ ಹೊಲವೊಂದು ಸಾಕ್ಷಿ. ಅಲ್ಲಿನ ಒಂದು ಪಟ್ಟಿಗೆ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಹಾಕಿ ನಿಲ್ಲಿಸಿದರು. ನೂರು ವರ್ಷ ಕಳೆದರೂ ಪಕ್ಕದ ಪಟ್ಟಿಗಿಂತ ಅದರಲ್ಲಿ ಇಂಗಾಲ ಜಾಸ್ತಿ ಇತ್ತು. ಅದು ತಂಪು ದೇಶ, ನಮ್ಮಲ್ಲಿ ಅಷ್ಟು ಕಾಲ ಬರುವುದಿಲ್ಲ. ಮಾವನವರಿಗೆ ಗೊಬ್ಬರ ಹಾಕಲು ಹೇಳಿ. ತೇವ ಹಿಡಿದುಕೊಳ್ಳುವುದಕ್ಕೇ ಅದು ಸಾರ್ಥಕ. ಕ್ರೆಡಿಟ್ ದುಡ್ಡಿಗಾಗಿ ಮಾತ್ರ ಸಹಿ ಹಾಕುವುದು ಬೇಡ, ಎಕರೆಗೆ ಸಿಗುವುದು ತೀರಾ ಕಡಿಮೆ.

ನಿಮ್ಮ ಕಡೆಗೆ ಬರೋಣ. ಕಂಪನಿಯವರನ್ನು ಹೊರಗೆ ಕಳಿಸಬೇಡಿ, ಕೂರಿಸಿ ಮಾತಾಡಿ. ಯಾವ ಮಾಡೆಲ್, ಅದರಲ್ಲಿ ಸಾರಜನಕ ಇದೆಯಾ, ಕಪ್ಪು ಮಣ್ಣಿನ ಅಳತೆಯ ಜೊತೆ ತಾಳೆ ನೋಡಿದ್ದಾರಾ? ಯಾವುದಕ್ಕೆ ಹೋಲಿಸಿ ಏರಿಕೆ ಎನ್ನುತ್ತಾರೆ? ಸುಡುತ್ತಿದ್ದ ಹೊಲಕ್ಕೆ ಹೋಲಿಸಿದರೆ ಮಾತ್ರ ನಿಮಗೆ ಲಾಭ ಕಾಣುತ್ತದೆ, ಆಗಲೇ ರವದಿ ಬಿಡುತ್ತಿರುವ ಪಕ್ಕದ ಹೊಲಕ್ಕೆ ಹೋಲಿಸಿದರೆ ಸೊನ್ನೆ. ನಾಲ್ಕನೇ ವರ್ಷ ಪಕ್ಕದವರ ಬೆಂಕಿ ನಿಮ್ಮ ಹೊಲಕ್ಕೆ ಹಾರಿದರೆ ಪಡೆದ ದುಡ್ಡು ವಾಪಸ್ ಕೊಡಬೇಕಾ? ಕಬ್ಬಿನ ಸೀಮೆಯಲ್ಲಿ ಇದು ಕಲ್ಪನೆಯ ಪ್ರಶ್ನೆ ಅಲ್ಲ, ಒಪ್ಪಂದದ ಕಾಗದದಲ್ಲಿ ಬರೆದಿರಬೇಕು. ಕನ್ನಡದಲ್ಲಿ ಬರೆದದ್ದೇ ಕೇಳಿ.

ಸಹಿ ಹಾಕುವುದೇ ಆದರೆ ಮೊದಲ ಮಣ್ಣಿನ ಮಾದರಿಯನ್ನು ನಿಮ್ಮ ಎದುರಿಗೆ ತೆಗೆಸಿ. ಕಟಾವು ಆದ ಮೇಲೆ, ಯೂರಿಯಾ ಬೀಳುವ ಮೊದಲು. ಒಂದೊಂದು ಎಕರೆಗೂ ಹತ್ತಾರು ಕಡೆಯಿಂದ, ಸಾಲಿನಿಂದಲೂ ದಿಂಡಿನಿಂದಲೂ, 30 ಸೆಂ.ಮೀ.ವರೆಗೆ, ಸಾಧ್ಯವಾದರೆ ಅದಕ್ಕೂ ಕೆಳಗೆ. ಮಣ್ಣಿನ ಸಾಂದ್ರತೆಯನ್ನೂ, ಆ ದಿನದ ತೇವವನ್ನೂ ಅಳೆದು ಬರೆಸಿ. ಐದು ವರ್ಷದ ಮೇಲೆ ಅದೇ ತಿಂಗಳು, ಅಷ್ಟೇ ತೇವದಲ್ಲಿ, ಅದೇ ವಿಧಾನದಲ್ಲಿ ಮತ್ತೆ ತೆಗೆಯಬೇಕು. ತೆಗೆದ ಮಣ್ಣಿನಲ್ಲಿ ಅರ್ಧ ಕೆ.ಜಿ. ನೆರಳಲ್ಲಿ ಒಣಗಿಸಿ, ತಾರೀಕು ಬರೆದ ಡಬ್ಬಿಯಲ್ಲಿ ಮನೆಯಲ್ಲೇ ಇಟ್ಟುಕೊಳ್ಳಿ. ಲೆಕ್ಕದಲ್ಲಿ ತಕರಾರು ಬಂದರೆ ಮತ್ತೆ ಪರೀಕ್ಷೆ ಮಾಡಿಸಲು ನಿಮ್ಮ ಕೈಯಲ್ಲಿ ಅದೊಂದು ಇರುತ್ತದೆ.